ಮೋಟಾರು ವಾಹನ ನಿರೀಕ್ಷಕ (ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ)

ಮೋಟಾರು ವಾಹನ ನಿರೀಕ್ಷಕ ರಾಜ್ಯ ಸಾರಿಗೆ ಇಲಾಖೆಯ ತಾಂತ್ರಿಕ ಅಧಿಕಾರಿ. ಬಸ್ಸು, ಮ್ಯಾಕ್ಸಿಕ್ಯಾಬ್, ಆಟೊ, ಶಾಲಾ ವಾಹನ, ಲಾರಿ ಮುಂತಾದ ಸಾರಿಗೆ ವಾಹನಗಳು ರಸ್ತೆಗಿಳಿಯಲು ಯೋಗ್ಯವಾಗಿವೆಯೇ ಎಂದು ಪರೀಕ್ಷಿಸಿ ಅರ್ಹತಾ ಪತ್ರ ಕೊಡುವುದು, ರಸ್ತೆಯಲ್ಲಿ ತಡೆದು ತಪಾಸಣೆ ಮಾಡುವುದು, ಅಪಘಾತಕ್ಕೀಡಾದ ವಾಹನದ ಯಾಂತ್ರಿಕ ಸ್ಥಿತಿಯ ಬಗ್ಗೆ ವರದಿ ಬರೆಯುವುದು, ಚಾಲನಾ ಪರೀಕ್ಷೆ ನಡೆಸುವುದು ಈ ಹುದ್ದೆಯ ಮುಖ್ಯ ಕೆಲಸಗಳು. ಚಾಲಕರ ಬಾಯಲ್ಲಿ ಇವರು ‘ಬ್ರೇಕ್ ಇನ್‌ಸ್ಪೆಕ್ಟರ್’. ಅರ್ಹತಾ ಪತ್ರಕ್ಕೆ ‘ಎಫ್‌ಸಿ’, ಅದನ್ನು ನವೀಕರಿಸಿಕೊಳ್ಳುವುದಕ್ಕೆ ‘ಪಾಸಿಂಗ್’ ಎನ್ನುವುದು ವಾಡಿಕೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಜಮಖಂಡಿಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ನೋಂದಣಿಯಾದ ವಾಹನಗಳ ಗುರುತು ಕೆಎ-48. ಜಿಲ್ಲಾ ಕೇಂದ್ರ ಬಾಗಲಕೋಟೆಯದು ಕೆಎ-29. ‘ಸಾರ್ವಜನಿಕ ಸಾರಿಗೆ ಸುರಕ್ಷತಾ ನಿರೀಕ್ಷಕ’ ಎಂಬ ಹೆಸರಿನ ಪ್ರತ್ಯೇಕ ಹುದ್ದೆ ಕರ್ನಾಟಕದಲ್ಲಿಲ್ಲ. ಆ ಕೆಲಸ ಮೂರು ಕಡೆ ಹಂಚಿಹೋಗಿದೆ. ಕಾನೂನಿನ ಅಧಿಕಾರ ಮೋಟಾರು ವಾಹನ ನಿರೀಕ್ಷಕನದು. ಸರ್ಕಾರಿ ಬಸ್ಸುಗಳ ದಿನನಿತ್ಯದ ತಪಾಸಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಘಟಕಗಳದು. ರೈಲು ಮಾರ್ಗದ ಪರೀಕ್ಷೆ ರೈಲ್ವೆ ಸುರಕ್ಷತಾ ಆಯುಕ್ತರದು. ಬಸ್ಸನ್ನೇ ನೆಚ್ಚಿಕೊಂಡಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಮೊದಲ ಎರಡಕ್ಕೇ ಹೆಚ್ಚಿನ ಮಹತ್ವ.

ಹಿನ್ನೆಲೆ

ಭಾರತದಲ್ಲಿ ಮೋಟಾರು ವಾಹನಗಳಿಗೆಂದು ಬಂದ ಮೊದಲ ಅಖಿಲ ಭಾರತ ಕಾನೂನು 1914ರ ಭಾರತೀಯ ಮೋಟಾರು ವಾಹನ ಕಾಯ್ದೆ. ಅದು ಚಿಕ್ಕದು. ನೋಂದಣಿ ಮತ್ತು ಲೈಸೆನ್ಸಿನ ವಿವರಗಳನ್ನು ಪ್ರಾಂತ ಸರ್ಕಾರಗಳ ನಿಯಮಗಳಿಗೆ ಬಿಟ್ಟಿತ್ತು. ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಬಸ್ಸುಗಳಿಗೆ ಪರವಾನಗಿ ಮತ್ತು ಅರ್ಹತಾ ಪತ್ರ ಎರಡನ್ನೂ ಕಡ್ಡಾಯ ಮಾಡಿತು. ಭಾರತದ 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಅಂಥದೇ ವ್ಯವಸ್ಥೆ ಬಂತು. ಅದರ 38ನೆಯ ಕಲಮು ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ ಬೇಕೇ ಬೇಕು ಎಂದಿತು. ಮೋಟಾರು ವಾಹನ ಅಧಿಕಾರಿಗಳ ನೇಮಕಕ್ಕೆ ಅವಕಾಶ ಕೊಡುವ ಕಲಮನ್ನು 1956ರ ತಿದ್ದುಪಡಿ ಸೇರಿಸಿತು.

ಇವೆಲ್ಲ ಈ ನಾಲ್ಕು ಊರುಗಳಿಗೆ ಏಕಕಾಲಕ್ಕೆ ಅನ್ವಯವಾಗಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿಯದು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಬ್ರಿಟಿಷ್ ಇಂಡಿಯಾದ ಕಾಯ್ದೆ ಸಂಸ್ಥಾನಗಳಲ್ಲಿ ನೇರವಾಗಿ ಜಾರಿಯಾಗುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ನಾಲ್ಕೂ ಊರುಗಳ ವಾಹನಗಳು ಒಂದೇ ಕಾನೂನಿನಡಿ ಬಂದವು.

ಅದೇ ವರ್ಷ ಮುಂಬಯಿ ಸರ್ಕಾರ ಬಸ್ಸು ಸಾರಿಗೆಯ ರಾಷ್ಟ್ರೀಕರಣ ಆರಂಭಿಸಿತು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ರೂಪುಗೊಂಡಿತು. 1997 ಈ ಭಾಗಕ್ಕೆ ಎರಡು ಬದಲಾವಣೆಗಳ ವರ್ಷ. ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಆ ನಿಗಮದಿಂದ ಬೇರ್ಪಟ್ಟಿತು. ಅವಳಿ ಪಟ್ಟಣ ರಬಕವಿ-ಬನಹಟ್ಟಿ ತಾಲ್ಲೂಕಾದದ್ದು 2018ರಲ್ಲಿ. ಅದಕ್ಕೂ ಮೊದಲು ಅದು ಜಮಖಂಡಿ ತಾಲ್ಲೂಕಿನ ಭಾಗ.

ಕಾನೂನಿನ ಆಧಾರ

1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಮೋಟಾರು ವಾಹನ ಕಾಯ್ದೆಯೇ ಇಂದಿನ ಆಧಾರ. ಅದರ 213ನೆಯ ಕಲಮು ನಿರೀಕ್ಷಕರ ನೇಮಕಕ್ಕೆ ಅಧಿಕಾರ ಕೊಡುತ್ತದೆ. 56ನೆಯ ಕಲಮಿನ ಪ್ರಕಾರ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ. ನಂಬರ್ ಪ್ಲೇಟು, ತೆರಿಗೆ ರಸೀದಿ, ವಿಮೆ ಎಲ್ಲ ಸರಿಯಿದ್ದರೂ ಎಫ್‌ಸಿ ಮುಗಿದ ಬಸ್ಸು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ ಬಸ್ಸು. ಅದೇ ಕಲಮಿನಡಿ, ವಾಹನ ನಿಯಮಕ್ಕೆ ತಕ್ಕಂತಿಲ್ಲವೆಂದು ಕಂಡರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಿ ಅರ್ಹತಾ ಪತ್ರವನ್ನು ಅವಧಿಗೆ ಮೊದಲೇ ರದ್ದು ಮಾಡಬಹುದು. ಹೊಸ ಪತ್ರ ಸಿಗುವವರೆಗೆ ನೋಂದಣಿಯೂ ರಹದಾರಿಯೂ (ಪರ್ಮಿಟ್) ಅಮಾನತಿನಲ್ಲಿರುತ್ತವೆ.

ಬ್ರೇಕು, ಟೈರು, ದೀಪ, ಸ್ಟೇರಿಂಗ್, ಹೊಗೆ ಮುಂತಾದವುಗಳ ಅಳತೆಗಳಿರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ. ರಾಜ್ಯದ ವಿಶೇಷ ಷರತ್ತುಗಳು ಅದೇ ವರ್ಷದ ಕರ್ನಾಟಕ ಮೋಟಾರು ವಾಹನ ನಿಯಮಗಳಲ್ಲಿವೆ. ಬಾಗಿಲ ಮೆಟ್ಟಿಲಿನ ಮೇಲೆ, ಮೇಲ್ಛಾವಣಿಯ ಮೇಲೆ, ಬಾನೆಟ್ಟಿನ ಮೇಲೆ ಪ್ರಯಾಣಿಸುವುದನ್ನು 123ನೆಯ ಕಲಮು ನಿಷೇಧಿಸುತ್ತದೆ. 2019ರ ತಿದ್ದುಪಡಿಯಿಂದ ಬಂದ 194ಎ ಕಲಮು ಮಿತಿಮೀರಿ ಹತ್ತಿಸಿಕೊಂಡ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ ದಂಡ ವಿಧಿಸುತ್ತದೆ. ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ ಅವರಿಗೆ ಬೇರೆ ವ್ಯವಸ್ಥೆ ಮಾಡುವವರೆಗೆ ವಾಹನ ಮುಂದೆ ಸಾಗುವಂತಿಲ್ಲ. ರಹದಾರಿ ಅಥವಾ ನೋಂದಣಿ ಇಲ್ಲದ ವಾಹನವನ್ನು ವಶಕ್ಕೆ ಪಡೆಯುವ ಅಧಿಕಾರ 207ನೆಯ ಕಲಮಿನದು. ಅಪಘಾತವಾದ ವಾಹನವನ್ನು ಪರೀಕ್ಷಿಸುವ ಅಧಿಕಾರ 136ನೆಯ ಕಲಮಿನಿಂದ ಬರುತ್ತದೆ.

ಅರ್ಹತೆ, ನೇಮಕ, ಶ್ರೇಣಿ

ಕನಿಷ್ಠ ಅರ್ಹತೆಯನ್ನು ಕೇಂದ್ರ ಸರ್ಕಾರ 1989ರ ಜೂನ್ 12ರ ಅಧಿಸೂಚನೆಯಲ್ಲಿ ನಿಗದಿ ಮಾಡಿದೆ. ಎಸ್ಸೆಸ್ಸೆಲ್ಸಿ ನಂತರ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಮೂರು ವರ್ಷದ ಡಿಪ್ಲೊಮಾ ಇರಬೇಕು. ಲಘು ವಾಹನ, ಭಾರಿ ಸರಕು ವಾಹನ ಮತ್ತು ಭಾರಿ ಪ್ರಯಾಣಿಕ ವಾಹನಗಳ ದುರಸ್ತಿ ಮಾಡುವ ವರ್ಕ್‌ಶಾಪಿನಲ್ಲಿ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು. ಬೈಕಿನಿಂದ ಬಸ್ಸಿನವರೆಗೆ ಓಡಿಸುವ ಲೈಸೆನ್ಸು ಕೈಯಲ್ಲಿರಬೇಕು. ಬಸ್ಸು ಓಡಿಸಲು ಬಾರದವನು ಬಸ್ಸಿನ ಬ್ರೇಕು ನೋಡುವಂತಿಲ್ಲ ಎಂಬುದು ಈ ಷರತ್ತಿನ ತಿರುಳು. ಇಲಾಖೆಯ ಇತರ ಹುದ್ದೆಗಳಿಂದ ಇದನ್ನು ಬೇರ್ಪಡಿಸುವುದೂ ಈ ಷರತ್ತೇ.

ಕರ್ನಾಟಕದಲ್ಲಿ ಆಯ್ಕೆ ಲೋಕಸೇವಾ ಆಯೋಗದ ಮೂಲಕ ನಡೆಯುತ್ತದೆ. ನಿರೀಕ್ಷಕನ ಮೇಲೆ ಹಿರಿಯ ಮೋಟಾರು ವಾಹನ ನಿರೀಕ್ಷಕ, ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿ, ಪ್ರಾದೇಶಿಕ ಸಾರಿಗೆ ಅಧಿಕಾರಿ, ಉಪ ಸಾರಿಗೆ ಆಯುಕ್ತ, ಜಂಟಿ ಸಾರಿಗೆ ಆಯುಕ್ತ ಎಂಬ ಶ್ರೇಣಿಗಳಿವೆ. ಜಮಖಂಡಿ ಕಚೇರಿ ಬೆಳಗಾವಿಯ ಜಂಟಿ ಆಯುಕ್ತರ ವಿಭಾಗಕ್ಕೆ ಸೇರುತ್ತದೆ. ನಿರೀಕ್ಷಕರ ಸಮವಸ್ತ್ರ ಖಾಕಿ. ಹೀಗಾಗಿ ರಸ್ತೆಯ ಮೇಲೆ ಇವರನ್ನು ಪೊಲೀಸರೆಂದೇ ಭಾವಿಸುವವರು ಬಹಳ. ಇಲಾಖೆ ಬೇರೆ, ಅಧಿಕಾರದ ಮೂಲವೂ ಬೇರೆ.

ಅರ್ಹತಾ ಪರೀಕ್ಷೆ

ಹೊಸ ಸಾರಿಗೆ ವಾಹನಕ್ಕೆ ಮೊದಲ ಅರ್ಹತಾ ಪತ್ರ ಎರಡು ವರ್ಷದ್ದು. ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನವೀಕರಣ ಆಗಬೇಕು. ಪತ್ರ ನಮೂನೆ 38ರಲ್ಲಿರುತ್ತದೆ.

ಪರೀಕ್ಷೆ ಗುರುತಿನಿಂದ ಶುರುವಾಗುತ್ತದೆ. ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಕಡತದಲ್ಲಿರುವುದಕ್ಕೆ ತಾಳೆ ನೋಡುವ ಪದ್ಧತಿ ಕಂಪ್ಯೂಟರ್ ಕಾಲದಲ್ಲೂ ಉಳಿದಿದೆ. ಹಳೆಯ ಚಾಸಿಗೆ ಬೇರೆ ವಾಹನದ ಸಂಖ್ಯೆ ಹಾಕಿರುವುದನ್ನು ಹಿಡಿಯಲು ಇದು ನೆರವಾಗುತ್ತದೆ. ನಂತರ ನಿರೀಕ್ಷಕ ಬಸ್ಸಿನ ಸುತ್ತ ಒಂದು ಸುತ್ತು ಬರುತ್ತಾನೆ. ಟೈರಿನ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಜೋಡಿ ಟೈರುಗಳಿರುವ ಹಿಂಗಾಲಿಗಳಲ್ಲಿ ಹೊರಗಿನದು ಚೆನ್ನಾಗಿದ್ದು ಒಳಗಿನದು ಬೋಳಾಗಿರುವುದುಂಟು. ಬಗ್ಗಿ ನೋಡದೆ ಅದು ಕಾಣುವುದಿಲ್ಲ. ಮುಂದಿನ ಟೈರು ಒಂದೇ ಬದಿಗೆ ಸವೆದಿದ್ದರೆ ಚಕ್ರದ ಜೋಡಣೆ ತಪ್ಪಿರಬಹುದು ಅಥವಾ ಕಿಂಗ್‌ಪಿನ್ ಸಡಿಲಾಗಿರಬಹುದು.

ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಅಲುಗದೆ ಬರಿದೆ ತಿರುಗುವ ಭಾಗಕ್ಕೆ ಚಾಲಕರು ‘ಪ್ಲೇ’ ಎನ್ನುತ್ತಾರೆ. ನಿಯಮ ಅದಕ್ಕೆ 30 ಡಿಗ್ರಿಯ ಮಿತಿ ಹಾಕಿದೆ. ಒಬ್ಬ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಅತ್ತಿತ್ತ ಆಡಿಸುವಾಗ ಮತ್ತೊಬ್ಬ ಕೆಳಗೆ ಟೈ ರಾಡಿನ ಕೀಲುಗಳನ್ನು ಹಿಡಿದು ನೋಡುವುದು ಸರಳ ಪರೀಕ್ಷೆ. ಗಾಳಿಯ ಬ್ರೇಕಿನ ಬಸ್ಸಿನಲ್ಲಿ ಎಂಜಿನ್ ಚಾಲೂ ಮಾಡಿ ಗಾಳಿಯ ಒತ್ತಡದ ಮುಳ್ಳು ಎಷ್ಟು ಹೊತ್ತಿಗೆ ಮೇಲೇರುತ್ತದೆ, ಎಂಜಿನ್ ಆರಿಸಿ ಬ್ರೇಕು ಒತ್ತಿ ಹಿಡಿದಾಗ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುತ್ತಾರೆ. ಬೇಗ ಇಳಿದರೆ ಎಲ್ಲೋ ಸೋರಿಕೆಯಿದೆ. ನಂತರ ಓಡಿಸಿ ಬ್ರೇಕು ಹಾಕಬೇಕು. ನಾಲ್ಕೂ ಕಡೆ ಸಮನಾಗಿ ಹಿಡಿಯದ ಬಸ್ಸು ಒಂದು ಬದಿಗೆ ಎಳೆಯುತ್ತದೆ. ಅಂಥ ಬಸ್ಸು ಒಣ ರಸ್ತೆಯಲ್ಲಿ ಹೇಗೋ ನಿಭಾಯಿಸಿ, ಮೊದಲ ಮಳೆಗೆ ಅಡ್ಡಲಾಗಿ ನಿಲ್ಲುತ್ತದೆ.

ಲೀಫ್ ಸ್ಪ್ರಿಂಗಿನ ಬ್ಲೇಡು ಮುರಿದಿದೆಯೇ, ಯು ಬೋಲ್ಟ್ ಬಿಗಿಯಾಗಿದೆಯೇ, ಡೀಸೆಲ್ ಕೊಳವೆ ಎಲ್ಲಿಯಾದರೂ ಉಜ್ಜುತ್ತಿದೆಯೇ, ಬ್ಯಾಟರಿಯ ವೈರಿಗೆ ಹೊದಿಕೆಯಿದೆಯೇ ಎಂಬುದು ಕೆಳಗೆ ನುಗ್ಗಿ ನೋಡುವ ಕೆಲಸ. ಬಸ್ಸಿನ ಒಳಗೆ ಸೀಟು ನೆಲಕ್ಕೆ ಗಟ್ಟಿಯಾಗಿ ಕೂತಿರಬೇಕು, ಬೆಂಕಿ ನಂದಿಸುವ ಸಿಲಿಂಡರಿನ ಅವಧಿ ಮುಗಿದಿರಬಾರದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಖಾಲಿ ಇರಬಾರದು. ತುರ್ತು ಬಾಗಿಲನ್ನು ಒಳಗಿನಿಂದ ತೆರೆದು ನೋಡಬೇಕು. ಬಣ್ಣ ಬಳಿದು ಬಳಿದು ಹಿಡಿಕೆ ಅಂಟಿಹೋದ, ಅಡ್ಡಲಾಗಿ ಒಂದು ಹೆಚ್ಚುವರಿ ಸೀಟು ಹಾಕಿದ ತುರ್ತು ಬಾಗಿಲು ಹೊರಗಿನಿಂದ ನೋಡುವವರಿಗೆ ನೆಟ್ಟಗೇ ಕಾಣುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಅಲಕ್ಷ್ಯಕ್ಕೆ ಸುಲಭವಾಗಿ ಗುರಿಯಾಗುವ ಅಂಶ ಇದು.

ಆ ಅಲಕ್ಷ್ಯದ ಬೆಲೆ ಗೊತ್ತಾದದ್ದು ಬೆಂಕಿ ಅನಾಹುತಗಳಿಂದ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. ಹದಿನೈದು ದಿನಕ್ಕೆ, ನವೆಂಬರ್ 14ರಂದು, ಹಾವೇರಿ ಬಳಿ ಅಂಥದೇ ಇನ್ನೊಂದು ಬಸ್ಸು ಸುಟ್ಟು ಏಳು ಜನ ತೀರಿಕೊಂಡರು. ತುರ್ತು ನಿರ್ಗಮನ, ಗಾಜು ಒಡೆಯುವ ಸುತ್ತಿಗೆ, ಹಿಂದೆ ತುಂಬುವ ಸರಕು ಇವುಗಳ ತಪಾಸಣೆ ರಾಜ್ಯದಲ್ಲಿ ಬಿಗಿಯಾದದ್ದು ಆ ಬಳಿಕ. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಹಿರಿಯೂರಿನ ಬಳಿ ಬೆಂಕಿ ಹತ್ತಿ ಐವರು ಸತ್ತಾಗ ಸಂಗತಿ ಈ ಸೀಮೆಗೆ ಹತ್ತಿರ ಬಂತು. ಜಮಖಂಡಿ, ಮುಧೋಳಗಳಿಂದ ರಾಜಧಾನಿಗೆ ಹೋಗುವವರಿಗೂ ರಾತ್ರಿಯ ಸ್ಲೀಪರ್ ಬಸ್ಸೇ ಗತಿ. ಬಸ್ಸಿನ ದೇಹ ರಚನೆಗೆ ಎಐಎಸ್-052, ಸ್ಲೀಪರ್ ಬಸ್ಸಿಗೆ ಎಐಎಸ್-119 ಎಂಬ ಮಾನಕಗಳು ಈಗ ಅನ್ವಯಿಸುತ್ತವೆ.

ಘಟಕದೊಳಗಿನ ತಪಾಸಣೆ

ಈ ಭಾಗದ ಪ್ರಯಾಣಿಕರಲ್ಲಿ ದೊಡ್ಡ ಪಾಲು ಸಾರಿಗೆ ಸಂಸ್ಥೆಯ ಬಸ್ಸಿನದು. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಸಂಸ್ಥೆಯ ಬಾಗಲಕೋಟೆ ವಿಭಾಗದ ಘಟಕಗಳಿವೆ. ನಿರೀಕ್ಷಕ ಬಸ್ಸನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನೋಡಿದರೆ, ಘಟಕದ ಕುಶಲಕರ್ಮಿ ಅದನ್ನು ದಿನವೂ ನೋಡುತ್ತಾನೆ. ಪ್ರಯಾಣಿಕನ ಸುರಕ್ಷತೆ ನಿಜವಾಗಿ ನಿಂತಿರುವುದು ಈ ಎರಡನೆಯ ತಪಾಸಣೆಯ ಮೇಲೆ ಎಂದರೆ ತಪ್ಪಾಗದು.

ರಾತ್ರಿ ಬಸ್ಸು ಘಟಕಕ್ಕೆ ಮರಳಿದಾಗ ಚಾಲಕ ಕಂಡ ದೋಷವನ್ನು ಲಾಗ್‌ಶೀಟಿನಲ್ಲಿ ಬರೆಯುತ್ತಾನೆ: ಬ್ರೇಕು ಎಡಕ್ಕೆ ಎಳೆಯುತ್ತದೆ, ಹೆಡ್‌ಲೈಟು ಒಂದು ಉರಿಯದು, ಕ್ಲಚ್ಚು ಜಾರುತ್ತದೆ. ರಾತ್ರಿ ಪಾಳಿಯ ಕುಶಲಕರ್ಮಿ ದುರಸ್ತಿ ಮಾಡಿ ಸಹಿ ಹಾಕಬೇಕು. ಇದಲ್ಲದೆ ದಿನದ, ವಾರದ ಮತ್ತು ಓಡಿದ ಕಿಲೋಮೀಟರಿಗೆ ತಕ್ಕ ನಿರ್ವಹಣೆಗಳಿವೆ. ಬಸ್ಸನ್ನು ಮಾರ್ಗದಿಂದ ಇಳಿಸಿ ಪಿಟ್ಟಿನ ಮೇಲೆ ನಿಲ್ಲಿಸಿ ಬ್ರೇಕ್ ಲೈನರ್, ಬೇರಿಂಗ್, ಸ್ಪ್ರಿಂಗ್ ಬಿಚ್ಚಿ ನೋಡುವುದಕ್ಕೆ ‘ಡಾಕಿಂಗ್’ ಎನ್ನುತ್ತಾರೆ. ರಿಟ್ರೆಡ್ ಮಾಡಿದ ಟೈರನ್ನು ಮುಂದಿನ ಚಕ್ರಕ್ಕೆ ಹಾಕುವುದಿಲ್ಲ; ಮುಂದಿನ ಟೈರು ಸಿಡಿದರೆ ಸ್ಟೇರಿಂಗ್ ಚಾಲಕನ ಕೈ ಮೀರುತ್ತದೆ ಎಂಬುದೇ ಕಾರಣ. ಘಟಕ ವ್ಯವಸ್ಥಾಪಕನ ಮೇಲೆ ವಿಭಾಗೀಯ ಯಾಂತ್ರಿಕ ಅಭಿಯಂತರ ಇರುತ್ತಾನೆ. ದೊಡ್ಡ ದುರಸ್ತಿ ವಿಭಾಗೀಯ ಕಾರ್ಯಾಗಾರದಲ್ಲಿ ನಡೆಯುತ್ತದೆ. ಬಸ್ ನಿಲ್ದಾಣದ ಸಂಚಾರ ನಿಯಂತ್ರಕ ಮತ್ತು ಮಾರ್ಗದಲ್ಲಿ ಹತ್ತುವ ತಪಾಸಣಾ ಸಿಬ್ಬಂದಿಯ ಕಾಳಜಿ ಹೆಚ್ಚಾಗಿ ಟಿಕೆಟ್ಟು ಮತ್ತು ವೇಳೆಯದು. ಅವರನ್ನು ಸುರಕ್ಷತಾ ನಿರೀಕ್ಷಕರೆಂದು ಎಣಿಸಲಾಗದು.

ಚಾಲಕನ ದುಡಿಮೆಯ ವೇಳೆಯೂ ಸುರಕ್ಷತೆಯ ಭಾಗ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತು. ಇದರ ತಪಾಸಣೆ ಕಾರ್ಮಿಕ ಇಲಾಖೆಯದು.

ರಸ್ತೆ ತಪಾಸಣೆ

ರಸ್ತೆಯಲ್ಲಿ ವಾಹನ ತಡೆದು ದಾಖಲೆ, ಆಸನ, ಎತ್ತಿಕೊಂಡ ಜನ, ಸರಕು ನೋಡಿ ಬರೆಯುವ ದಾಖಲೆಗೆ ತನಿಖಾ ವರದಿ ಎಂದು ಹೆಸರು. ಬಸ್ಸಿಲ್ಲದ ಹಳ್ಳಿಗಳಿಗೆ, ಬಸ್ಸು ತಪ್ಪಿದ ಹೊತ್ತಿಗೆ ಕ್ರೂಸರ್, ಟಂಟಂ, ಆಟೊಗಳೇ ಸಾರಿಗೆ. ರಬಕವಿ-ಬನಹಟ್ಟಿಯ ಮಗ್ಗದ ಕೆಲಸಗಾರರು, ಕೃಷಿ ಕೂಲಿಗಳು, ಕಾಲೇಜು ಹುಡುಗರು ಇವುಗಳ ನಿತ್ಯದ ಗಿರಾಕಿಗಳು. ಗುತ್ತಿಗೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ರಹದಾರಿ ಪಡೆದ ಕ್ರೂಸರ್, ದಾರಿಯುದ್ದಕ್ಕೂ ಹತ್ತಿಸಿ ಇಳಿಸಿ ಬಿಡಿ ಬಿಡಿ ಚಾರ್ಜು ವಸೂಲು ಮಾಡಿದರೆ ರಹದಾರಿಯ ಉಲ್ಲಂಘನೆ. ಆಸನ ಮಿತಿ ಮೀರುವುದು ಅದರ ಜೊತೆಗೇ ಬರುವ ತಪ್ಪು. ಇಂಥ ವಾಹನ ಅಪಘಾತಕ್ಕೀಡಾದರೆ ವಿಮೆಯ ಪರಿಹಾರ ತಕರಾರಿಗೆ ಬೀಳುತ್ತದೆ. ದಂಡಕ್ಕಿಂತ ಪ್ರಯಾಣಿಕನ ಕುಟುಂಬಕ್ಕೆ ಹೆಚ್ಚು ಭಾರವಾಗುವುದು ಇದೇ.

ಜಾತ್ರೆ, ಮದುವೆ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಜನ ತುಂಬಿಕೊಂಡು ಹೋಗುವ ರೂಢಿಯೂ ಇದೆ. ಟ್ರೇಲರಿಗೆ ಜನರನ್ನು ಸಾಗಿಸುವ ರಹದಾರಿ ಇರುವುದಿಲ್ಲ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋದವರು ಮರಳುವುದು ಬಸ್ಸಿನಲ್ಲಿ. ಬಯಲುಸೀಮೆಯ ರಸ್ತೆಗೆ ಒಗ್ಗಿದ ಬಸ್ಸು ಅಲ್ಲಿ ಘಟ್ಟ ಇಳಿಯಬೇಕಾಗುವುದರಿಂದ ಬ್ರೇಕಿನ ಸ್ಥಿತಿಗೆ ಆಗ ಹೆಚ್ಚಿನ ಗಮನ ಬೇಕಾಗುತ್ತದೆ.

ಶಾಲಾ ವಾಹನ

ಶಾಲಾ ಬಸ್ಸುಗಳಿಗೆ ಹಳದಿ ಬಣ್ಣ, ವೇಗ ನಿಯಂತ್ರಕ, ಕಿಟಕಿಗೆ ಅಡ್ಡ ಸರಳು, ಜೊತೆಗೊಬ್ಬ ಸಹಾಯಕ ಮುಂತಾದ ಷರತ್ತುಗಳನ್ನು ಸುಪ್ರೀಂ ಕೋರ್ಟು 1997ರಲ್ಲಿ ವಿಧಿಸಿತು. ಕರ್ನಾಟಕ ಸರ್ಕಾರ 2012ರಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನೇ ಮಾಡಿತು. ಶಾಲೆ ತೆರೆಯುವ ಮುನ್ನ ಈ ವಾಹನಗಳ ತಪಾಸಣೆ ನಿರೀಕ್ಷಕರ ವಾರ್ಷಿಕ ಕೆಲಸಗಳಲ್ಲಿ ಒಂದು.

2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ, ಶಾಲೆಯ ಕಾರ್ಯಕ್ರಮ ಮುಗಿಸಿ ರಾತ್ರಿ ಮಕ್ಕಳನ್ನು ಊರಿಗೆ ಬಿಡಲು ಹೊರಟಿದ್ದ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಕಬ್ಬಿನ ಹಂಗಾಮಿನ ನಡುವೆ ಸಂಭವಿಸಿದ ಈ ಘಟನೆ ಈ ಸೀಮೆಯ ರಸ್ತೆಯ ಎರಡು ಅಪಾಯಗಳನ್ನು ಒಟ್ಟಿಗೆ ತೋರಿಸಿತು: ರಾತ್ರಿಯ ಹೊತ್ತು ಮತ್ತು ಟ್ರ್ಯಾಕ್ಟರು.

ಕಬ್ಬಿನ ಹಂಗಾಮು

ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣೆ ಮತ್ತು ಘಟಪ್ರಭೆಯ ನೀರಿನ ಕಬ್ಬಿನ ನಾಡು. ಸಮೀರವಾಡಿ, ತಿಮ್ಮಾಪುರ, ಉತ್ತೂರು, ಸಿದ್ದಾಪುರ, ಹಿರೇಪಡಸಲಗಿ, ಬೀಳಗಿಯ ಬಾಡಗಂಡಿ ಮುಂತಾದ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಮಳೆಗಾಲ ಕಳೆದು ಕಾರ್ಖಾನೆಗಳು ನುರಿಸಲು ಶುರುಮಾಡಿದ ದಿನದಿಂದ ಬೇಸಿಗೆಯವರೆಗೆ ಈ ರಸ್ತೆಗಳ ಸ್ವಭಾವವೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಸಿಕ್ಕಿಸಿ, ಎರಡೂ ಬದಿಗೆ ಜೋತುಬೀಳುವಷ್ಟು ಕಬ್ಬು ಹೇರಿ, ಟೇಪು ಜೋರಾಗಿ ಹಚ್ಚಿಕೊಂಡು ಹೊರಡುವ ಸಾಲು ಕಾರ್ಖಾನೆ ಗೇಟಿನಿಂದ ಆಚೆಗೂ ನಿಂತಿರುತ್ತದೆ. ಹೇರಿದ ಕಬ್ಬು ಹಿಂದಿನ ದೀಪವನ್ನು ಮುಚ್ಚುತ್ತದೆ. ಹಾಡಿನ ಸದ್ದಿಗೆ ಹಿಂದಿನ ಬಸ್ಸಿನ ಹಾರ್ನು ಕೇಳುವುದಿಲ್ಲ. ಟೈರು ಪಂಕ್ಚರಾದ ಟ್ರೇಲರನ್ನು ರಸ್ತೆಯ ಮೇಲೆಯೇ ಬಿಚ್ಚಿ, ಗುರುತಿಗೆ ನಾಲ್ಕು ಕಲ್ಲು ಇಟ್ಟು ಹೋಗುವುದುಂಟು.

ಟ್ರ್ಯಾಕ್ಟರು ಸಾರ್ವಜನಿಕ ಸಾರಿಗೆಯಲ್ಲ. ಆದರೂ ಬಸ್ಸಿನ ಸುರಕ್ಷತೆ ಅದರ ಹಿಂಬದಿಯ ಪ್ರತಿಫಲಕದ ಮೇಲೆ ನಿಂತಿದೆ. ಹಾಗಾಗಿ ಹಂಗಾಮಿನಲ್ಲಿ ಸಾರಿಗೆ ಇಲಾಖೆ, ಪೊಲೀಸರು ಮತ್ತು ಕಾರ್ಖಾನೆಗಳು ಸೇರಿ ಟ್ರೇಲರುಗಳಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವ ಕಾರ್ಯಕ್ರಮ ನಡೆಸುತ್ತಾರೆ. ಪಟ್ಟಿ ಕಬ್ಬಿನ ಸೋಗೆಗೆ ಉಜ್ಜಿ ಕಿತ್ತುಹೋಗುತ್ತದೆ, ಧೂಳಿಗೆ ಮಂಕಾಗುತ್ತದೆ. ಒಮ್ಮೆ ಅಂಟಿಸಿದರೆ ಹಂಗಾಮು ಪೂರ್ತಿ ಸಾಗುವ ಕೆಲಸ ಅದಲ್ಲ.

ನದಿ ಮತ್ತು ಸೇತುವೆ

ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ಬೀಳಗಿ ತಾಲ್ಲೂಕನ್ನು ಹಾದುಹೋಗುತ್ತದೆ. ಜಮಖಂಡಿಯಿಂದ ವಿಜಯಪುರದ ದಾರಿ ಚಿಕ್ಕಪಡಸಲಗಿಯಲ್ಲಿ ನದಿ ದಾಟುತ್ತದೆ. ಮುಧೋಳ-ಯಾದವಾಡ ರಸ್ತೆಯ ಘಟಪ್ರಭಾ ಸೇತುವೆ ಮಹಾಪೂರಕ್ಕೆ ಮುಳುಗುತ್ತದೆ. 2019ರ ಆಗಸ್ಟಿನ ಪ್ರವಾಹದಲ್ಲಿ ಈ ತಾಲ್ಲೂಕುಗಳ ಅನೇಕ ಮಾರ್ಗಗಳ ಬಸ್ಸು ನಿಂತಿತ್ತು. ಸೇತುವೆ ಮುಚ್ಚುವ ನಿರ್ಧಾರ ಜಿಲ್ಲಾಡಳಿತದ್ದು. ನಿರೀಕ್ಷಕನಿಗೆ ಅಲ್ಲಿ ಅಧಿಕಾರವಿಲ್ಲ. ರಬಕವಿ ಮತ್ತು ಆಚೆ ದಡದ ಮಹಿಷವಾಡಗಿ ನಡುವೆ ಜನರನ್ನೂ ಬೈಕುಗಳನ್ನೂ ದಾಟಿಸುವ ಬೋಟುಗಳಿಗೂ ಮೋಟಾರು ವಾಹನ ಕಾಯ್ದೆ ಅನ್ವಯಿಸುವುದಿಲ್ಲ. ಒಳನಾಡು ಹಡಗುಗಳಿಗೆ 2021ರ ಕಾಯ್ದೆ ಬೇರೆಯೇ ಇದೆ.

ಅಪಘಾತದ ಪರೀಕ್ಷೆ

ಸಾವು ಅಥವಾ ಗಾಯವಾದ ಅಪಘಾತದಲ್ಲಿ ಪೊಲೀಸರ ಕೋರಿಕೆಯ ಮೇಲೆ ನಿರೀಕ್ಷಕ ವಾಹನವನ್ನು ಪರೀಕ್ಷಿಸುತ್ತಾನೆ. ಅವನ ವರದಿ ಉತ್ತರಿಸಬೇಕಾದ ಮುಖ್ಯ ಪ್ರಶ್ನೆ ಒಂದೇ: ಅಪಘಾತ ಯಾಂತ್ರಿಕ ದೋಷದಿಂದ ಆಯಿತೇ, ಅಲ್ಲವೇ. ನುಜ್ಜುಗುಜ್ಜಾದ ಬಸ್ಸಿನಲ್ಲಿ ಯಾವುದು ಮೊದಲೇ ಮುರಿದಿತ್ತು, ಯಾವುದು ಡಿಕ್ಕಿಯಿಂದ ಮುರಿಯಿತು ಎಂದು ಬೇರ್ಪಡಿಸುವುದು ಅನುಭವ ಬೇಡುವ ಕೆಲಸ. ಹಳೆಯ ಬಿರುಕಿನಲ್ಲಿ ತುಕ್ಕು, ಎಣ್ಣೆ, ಧೂಳು ಇರುತ್ತದೆ. ಹೊಸ ಮುರಿತದ ಲೋಹ ಹೊಳೆಯುತ್ತದೆ. ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆಯಲ್ಲೂ ಪರಿಹಾರ ನ್ಯಾಯಮಂಡಳಿಯಲ್ಲೂ ಈ ವರದಿ ಸಾಕ್ಷ್ಯ. ಈಗ ಅದನ್ನು ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯ ಆ್ಯಪಿನಲ್ಲಿ ಪೊಲೀಸ್, ಆರೋಗ್ಯ, ಲೋಕೋಪಯೋಗಿ ಇಲಾಖೆಗಳ ಮಾಹಿತಿಯ ಜೊತೆ ತುಂಬಬೇಕು.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಪಘಾತ ವಲಯಗಳನ್ನು ಗುರುತಿಸುತ್ತದೆ. ಹೆದ್ದಾರಿ ಸಚಿವಾಲಯದ ವ್ಯಾಖ್ಯೆಯಂತೆ ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತವಾಗಿದ್ದರೆ, ಇಲ್ಲವೇ ಹತ್ತು ಜನ ಸತ್ತಿದ್ದರೆ ಅದು ಬ್ಲ್ಯಾಕ್ ಸ್ಪಾಟ್.

ರೈಲು

ಬಾಗಲಕೋಟೆ-ಕುಡಚಿ ರೈಲು ಮಾರ್ಗಕ್ಕೆ 2010-11ರಲ್ಲಿ ಮಂಜೂರಾತಿ ಸಿಕ್ಕಿತು. ಉದ್ದ ಸುಮಾರು 142 ಕಿಲೋಮೀಟರ್. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ಭಾಗ ಮೊದಲು ಮುಗಿಯಿತು. ಮುಧೋಳ, ಜಮಖಂಡಿ ಭಾಗದ ಜನ ಈ ಮಾರ್ಗಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಪರೀಕ್ಷೆಯಾಗದೆ ಹೊಸ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಿಸುವಂತಿಲ್ಲ. ಪರೀಕ್ಷಿಸುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯಕ್ಕೆ ಸೇರಿದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದವರು. ಓಡಿಸುವವರೂ ಪರೀಕ್ಷಿಸುವವರೂ ಒಂದೇ ಆಗಬಾರದೆಂಬ ತತ್ತ್ವ ಇದರ ಹಿಂದಿದೆ. ಬಸ್ಸಿನ ವಿಷಯದಲ್ಲಿ ಆ ಅಂತರ ಇಷ್ಟು ಸ್ಪಷ್ಟವಾಗಿಲ್ಲ: ಸಾರಿಗೆ ಸಂಸ್ಥೆ ಮತ್ತು ಸಾರಿಗೆ ಇಲಾಖೆ ಎರಡೂ ರಾಜ್ಯದ ಒಬ್ಬನೇ ಸಾರಿಗೆ ಸಚಿವನ ಕೆಳಗಿವೆ.

ಇಂದಿನ ಸ್ಥಿತಿ

ಕಳೆದ ದಶಕದಲ್ಲಿ ಈ ಕೆಲಸ ಹಲವು ಕಡೆಯಿಂದ ಬದಲಾಗಿದೆ. ನೋಂದಣಿ, ರಹದಾರಿ, ಅರ್ಹತಾ ಪತ್ರಗಳ ದಾಖಲೆ ‘ವಾಹನ್’ ತಂತ್ರಾಂಶದಲ್ಲಿ, ಲೈಸೆನ್ಸಿನ ದಾಖಲೆ ‘ಸಾರಥಿ’ಯಲ್ಲಿವೆ. ವಾಹನ ನಿಂತ ಸ್ಥಳದ ಗುರುತಿರುವ ಫೋಟೊ ತೆಗೆದು ಆ್ಯಪಿಗೆ ಹಾಕಬೇಕಾದ್ದರಿಂದ, ವಾಹನ ಕಚೇರಿಗೆ ಬಾರದೆಯೇ ಪಾಸಿಂಗ್ ಆಗುವ ದಾರಿ ಕಿರಿದಾಗಿದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಎಐಎಸ್-140 ಮಾನಕದ ಸ್ಥಳ ಪತ್ತೆ ಸಾಧನ ಮತ್ತು ಪ್ಯಾನಿಕ್ ಬಟನ್ ಕಡ್ಡಾಯವಾಗಿದೆ.

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮ ತಂದಿತು. ಅಲ್ಲಿ ಬ್ರೇಕು, ಸಸ್ಪೆನ್ಷನ್, ಹೆಡ್‌ಲೈಟುಗಳನ್ನು ಯಂತ್ರ ಅಳೆಯುತ್ತದೆ, ಫಲಿತಾಂಶ ನೇರ ಗಣಕಕ್ಕೆ ಹೋಗುತ್ತದೆ. ಭಾರಿ ವಾಹನಗಳಿಗೆ ಇದನ್ನು ಕಡ್ಡಾಯ ಮಾಡುವ ಗಡುವು ಮೊದಲು 2023ರ ಏಪ್ರಿಲ್ 1 ಇತ್ತು. ಕೇಂದ್ರಗಳು ಸಾಕಷ್ಟಿಲ್ಲದೆ ಮುಂದೆ ಹೋಯಿತು. ಕರ್ನಾಟಕದಲ್ಲಿ ಇಂಥ ಕೇಂದ್ರ ಮೊದಲು ಬಂದದ್ದು ನೆಲಮಂಗಲದಲ್ಲಿ. ಯಂತ್ರ ಬಂದರೆ ನಿರೀಕ್ಷಕನ ವಿವೇಚನೆಯ ಪಾಲು ಕಡಿಮೆಯಾಗುತ್ತದೆ. ಆದರೆ ತುರ್ತು ಬಾಗಿಲ ಹಿಡಿಕೆ, ಅಡ್ಡ ಹಾಕಿದ ಸೀಟು, ಉಜ್ಜುವ ಡೀಸೆಲ್ ಕೊಳವೆಗಳನ್ನು ಅಲ್ಲೂ ಮನುಷ್ಯನ ಕಣ್ಣೇ ನೋಡಬೇಕು.

15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಇದಕ್ಕೆ ಒಳಪಡುತ್ತವೆ. ಅದೇ ವರ್ಷದ ಜೂನ್ 11ರಂದು ಮಹಿಳೆಯರ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಜಾರಿಗೆ ಬಂದು ಪ್ರಯಾಣಿಕರ ಸಂಖ್ಯೆ ಏರಿತು. ಹಳೆಯ ಬಸ್ಸು ಇಳಿಯುವುದೂ ಜನ ಹೆಚ್ಚುವುದೂ ಒಟ್ಟಿಗೇ ಆದದ್ದರಿಂದ ಬೆಳಗಿನ ಕಾಲೇಜು ವೇಳೆಯ ಬಸ್ಸುಗಳಲ್ಲಿ ನಿಂತು ಹೋಗುವವರ, ಬಾಗಿಲಲ್ಲಿ ಜೋತಾಡುವವರ ಒತ್ತಡ ಬೆಳೆದಿದೆ. ಬಾಗಿಲ ಮೆಟ್ಟಿಲಿನ ಪ್ರಯಾಣವನ್ನು ನಿಷೇಧಿಸುವ 123ನೆಯ ಕಲಮು ಇಲ್ಲಿ ಜಾರಿಗೆ ಕಷ್ಟದ ಕಲಮು. ಬಾಗಿಲಲ್ಲಿ ನಿಂತವರನ್ನು ಇಳಿಸಿದರೆ ಅವರು ಹತ್ತುವುದು ರಹದಾರಿಯಿಲ್ಲದ ಟಂಟಂ. ಈ ಊರುಗಳಲ್ಲಿ ಆ ಕಲಮಿನ ಪಾಲನೆ ನಿರೀಕ್ಷಕನ ದಂಡದ ಪುಸ್ತಕಕ್ಕಿಂತ, ಬೆಳಗ್ಗೆ ಘಟಕದಿಂದ ಎಷ್ಟು ಬಸ್ಸು ಹೊರಡುತ್ತವೆ ಎಂಬುದನ್ನು ಅವಲಂಬಿಸಿದೆ.